ಕಣ್ಣು ಮುಚ್ಚಿ ಕೇಳೋ ಕುಣಿತ: ಬಿಲ್ ರಾಬಿನ್‌ಸನ್ ಬಗ್ಗೆ ಗೊತ್ತಿರೋರು ಬರೀರಿ

ತಾಳತಪ್ಪಿದವ (ಶನಿವಾರ, ರಾತ್ರಿ 11:20)

ನಿದ್ದೆ ಬರದೆ ಫೋನ್ ತಿರುವುತ್ತಾ ಇದ್ದೆ. ಒಂದು ಕಪ್ಪು-ಬಿಳುಪು ತುಣುಕು ಸಿಕ್ಕಿತು. ದೊಡ್ಡ ಮನೆ, ಮೆಟ್ಟಿಲು. ಮಲಗಲ್ಲ ಅಂತ ಹಟ ಹಿಡಿದ ಗುಂಗುರು ಕೂದಲಿನ ಹುಡುಗಿ. ಅವಳನ್ನ ರಮಿಸೋಕೆ ಮನೆಯ ಬಟ್ಲರ್, ವಯಸ್ಸಾದ ಕಪ್ಪು ಮನುಷ್ಯ, ಮೆಟ್ಟಿಲು ಹತ್ತೋದನ್ನೇ ಕುಣಿತ ಮಾಡಿಬಿಡುತ್ತಾನೆ. ಒಂದು ಮೆಟ್ಟಿಲು ಹತ್ತಿ ಅರ್ಧ ಇಳೀತಾನೆ, ಮತ್ತೆ ಹತ್ತುತ್ತಾನೆ. ಮೈ ನೆಟ್ಟಗಿದೆ, ಕೈ ಸುಮ್ಮನಿದೆ, ಎಲ್ಲಾ ಕೆಲಸ ಮೊಣಕಾಲಿಂದ ಕೆಳಗೆ. ಕೊನೆಗೆ ಹುಡುಗಿ ಅವನ ಕೈ ಹಿಡಕೊಂಡು ಜೊತೆಗೇ ಹೆಜ್ಜೆ ಹಾಕುತ್ತಾಳೆ.

ಇಷ್ಟೇ ಆಗಿದ್ದರೆ ಇಲ್ಲಿ ಬರೀತಿರಲಿಲ್ಲ. ಪಕ್ಕದ ರೂಮಿಂದ ಅಮ್ಮ ಕೂಗಿದರು: "ಯಾರೋ ಅದು ಈ ಹೊತ್ತಲ್ಲಿ ತಾಳ ಹಾಕ್ತಿರೋದು? ಲಯ ಚೆನ್ನಾಗಿದೆ." ಅಮ್ಮ ನಲವತ್ತು ವರ್ಷ ಮಕ್ಕಳಿಗೆ ಭರತನಾಟ್ಯ ಹೇಳಿಕೊಟ್ಟವರು, ಈಗ ಕಣ್ಣು ಅಷ್ಟಕ್ಕಷ್ಟೆ. ನೋಡದೆ, ಬರೀ ಗೋಡೆ ದಾಟಿ ಬಂದ ಸದ್ದಿಗೇ ಹಾಗಂದರು.

ಹುಡುಕಿದರೆ ಹೆಸರು ಸಿಕ್ಕಿತು: ಬಿಲ್ "ಬೋಜ್ಯಾಂಗಲ್ಸ್" ರಾಬಿನ್‌ಸನ್. ಸಿನಿಮಾ 1935ರದ್ದು, ದಿ ಲಿಟಲ್ ಕರ್ನಲ್. ಹುಡುಗಿ ಶರ್ಲಿ ಟೆಂಪಲ್. ಯಾರೀ ಮನುಷ್ಯ? ಗೊತ್ತಿದ್ದವರು ಹೇಳಿ.

ಹಳೇಪೇಪರ್ (ಶನಿವಾರ, ರಾತ್ರಿ 11:52)

ಶರ್ಲಿ ಟೆಂಪಲ್‌ಗೆ ಆಗ 6 ವರ್ಷ, ಅವನಿಗೆ 56. ಹುಟ್ಟಿದ್ದು ವರ್ಜೀನಿಯಾದ ರಿಚ್ಮಂಡ್‌ನಲ್ಲಿ, 1878ರ ಮೇ 25. ಚಿಕ್ಕವನಿದ್ದಾಗಲೇ ಅಪ್ಪ ಅಮ್ಮ ಇಬ್ಬರೂ ಹೋದರು. ಸಾಕಿದ್ದು ಅಜ್ಜಿ ಬೆಡಿಲಿಯಾ, ಆಕೆ ಸ್ವತಃ ಗುಲಾಮಳಾಗಿ ಬದುಕಿದ್ದವಳು. ಈ ಒಂದು ಸಾಲನ್ನ ನಿಧಾನವಾಗಿ ಓದಿ. ತೆರೆಯ ಮೇಲೆ ಗುಲಾಮಗಿರಿಯ ಕಾಲದ ದೊಡ್ಡ ಮನೆಗಳಲ್ಲಿ ನಗುನಗುತ್ತಾ ಆಳಿನ ಪಾತ್ರ ಮಾಡಿದವನ ಸ್ವಂತ ಅಜ್ಜಿ ಗುಲಾಮಳಾಗಿದ್ದವಳು.

ಅಪ್ಪ ಅಮ್ಮ ಇಟ್ಟ ಹೆಸರು ಲೂಥರ್. ಹುಡುಗನಿಗೆ ಅದು ಹಿಡಿಸಲಿಲ್ಲ. ತಮ್ಮನ ಹೆಸರು ಬಿಲ್ ಅಂತಿತ್ತು, ದಬಾಯಿಸಿ ಅದನ್ನೇ ಕಿತ್ಕೊಂಡ. ಪಾಪ, ತಮ್ಮ ಆಮೇಲೆ ಪರ್ಸಿ ಅಂತ ಬೇರೆ ಹೆಸರು ಇಟ್ಕೊಂಡು ಡ್ರಮ್ ಬಾರಿಸಿ ಬದುಕಿದ.

ಆರೇಳು ವರ್ಷಕ್ಕೇ ಬಿಯರ್ ಅಂಗಡಿಗಳ ಮುಂದೆ ಚಿಲ್ಲರೆಗೆ ಕುಣಿಯೋಕೆ ಶುರು. 1892ರಲ್ಲಿ ಒಂದು ಸಂಚಾರಿ ಕಂಪನಿಗೆ ಸೇರಿದ. ಬಿಳಿ ಗಾಯಕಿಯ ಹಿಂದೆ ನಿಂತು ಕುಣಿಯೋ ನೀಗ್ರೋ ಹುಡುಗರ ಗುಂಪಿನಲ್ಲಿ ಒಬ್ಬ. 1900ರಲ್ಲಿ ಬ್ರೂಕ್ಲಿನ್ನಿನ ಬಿಜೂ ಥಿಯೇಟರಿನಲ್ಲಿ ಹ್ಯಾರಿ ಸ್ವಿಂಟನ್ ಅನ್ನೋ ಆಗಿನ ಚಾಂಪಿಯನ್ ಜೊತೆ ಪಂದ್ಯ ಆಡಿ ಗೆದ್ದ. ಅಲ್ಲಿಂದ ಹೆಸರು.

ಮೇಲ್ವಿಚಾರಕ (ಭಾನುವಾರ, ಬೆಳಿಗ್ಗೆ 7:05)

ಹಳೇಪೇಪರ್ ಸರ್, ಮಾಹಿತಿಗೆ ಧನ್ಯವಾದ. ಆ "ನೀ" ಶಬ್ದ ನಮ್ಮ ಹಳೇ ಪಠ್ಯಪುಸ್ತಕದಲ್ಲಿ ಇತ್ತು ನಿಜ, ಈಗ ಬೇಡ. ಕಪ್ಪು ಜನ ಅಂದರೆ ಸಾಕು. ಬೇರೆಯವರೂ ಗಮನಿಸಿ, ಇನ್ನೊಂದು ಶಬ್ದವಂತೂ ಬೇಡವೇ ಬೇಡ.

ಹಳೇಪೇಪರ್ (ಭಾನುವಾರ, ಬೆಳಿಗ್ಗೆ 7:40)

ತಪ್ಪಾಯ್ತು. ಅರವತ್ತರ ದಶಕದಲ್ಲಿ ಓದಿದವನ ಬಾಯಿಗೆ ಅದೇ ಬರುತ್ತೆ. ಈಗ ತಿದ್ದೋಕೆ ಹೋದರೆ ಎಡಿಟ್ ಬಟನ್ ಮಾಯವಾಗಿದೆ, ಹಾಗಾಗಿ ಬಿಡಿ, ನನ್ನ ತಪ್ಪಿಗೆ ಸಾಕ್ಷಿಯಾಗಿ ಇರಲಿ.

ಮೃದಂಗಿ (ಭಾನುವಾರ, ಬೆಳಿಗ್ಗೆ 9:15)

ತಾಳತಪ್ಪಿದವರೇ, ನಿಮ್ಮ ತಾಯಿಯವರ ಕಿವಿಗೆ ನಮಸ್ಕಾರ.

ಶೂ ಅಟ್ಟೆಯಿಂದ ನೆಲ ತಟ್ಟಿ ಸದ್ದು ಮಾಡೋ ಈ ಕುಣಿತಕ್ಕೆ ಟ್ಯಾಪ್ ಅಂತ ಹೆಸರು. ಇದನ್ನ ನಾವು ನೃತ್ಯ ಅಂತ ನೋಡ್ತೀವಿ, ಆದರೆ ಕುಣಿಯೋರು ತಮ್ಮನ್ನ ವಾದ್ಯಗಾರರು ಅಂತಲೇ ಅಂದುಕೊಳ್ತಾರೆ. ರಾಬಿನ್‌ಸನ್ ವಿಷಯದಲ್ಲಿ ಇದು ಅಕ್ಷರಶಃ ನಿಜ. ಲೋಹದ ಪಟ್ಟಿ ಹೊಡೆದ ಶೂ ಅಲ್ಲ ಅವನದು. ಮರದ ಅಟ್ಟೆ. ಅದೂ ಹೆಬ್ಬೆರಳ ತುದಿಯಿಂದ ಮುಂಗಾಲಿನವರೆಗೆ ಮಾತ್ರ, ಪೂರ್ತಿ ಬಿಗಿಯದೆ ಸ್ವಲ್ಪ ಸಡಿಲ ಬಿಟ್ಟಿದ್ದು. ಮಠದಲ್ಲಿ ಸ್ವಾಮಿಗಳು ಮರದ ಹಾವುಗೆ ಹಾಕ್ಕೊಂಡು ಕಲ್ಲು ಹಾಸಿನ ಮೇಲೆ ನಡೆದು ಬರೋ ಸದ್ದು ನೆನಪಿದೆಯಾ? ಟೊಕ್, ಟೊಕ್. ಕಬ್ಬಿಣದ ಚೀರಾಟ ಇಲ್ಲ, ಒಣಗಿದ, ದುಂಡನೆಯ ನಾದ. ಆ ನಾದವನ್ನ ಮಧ್ಯಲಯದಿಂದ ದ್ರುತಕ್ಕೆ ಏರಿಸಿ, ಒಂದು ಪೆಟ್ಟೂ ಕಲಸದ ಹಾಗೆ ಬಿಡಿಬಿಡಿಯಾಗಿ ಕೇಳಿಸಿದರೆ ಅದು ರಾಬಿನ್‌ಸನ್.

ಇನ್ನೊಂದು: ಜಾಝ್‌ನವರು ಸ್ವಿಂಗ್ ಅಂತಾರಲ್ಲ, ನಮಗೆ ಅರ್ಥ ಮಾಡಿಕೊಳ್ಳೋ ಸುಲಭ ದಾರಿ ತಿಶ್ರ, ಅಂದರೆ ಮೂರರ ಎಣಿಕೆ. ತಕಿಟ ತಕಿಟ ಹೇಳಿ, ನಡುವಿನ "ಕಿ" ನುಂಗಿ. ತ-ಟ, ತ-ಟ. ಆ ತೂಗಾಟ ಇದೆಯಲ್ಲ, ಅದೇ. ಹಳೇ ಬಕ್ ಡ್ಯಾನ್ಸ್‌ನವರು ಅಂಗಾಲು ಪೂರ್ತಿ ನೆಲಕ್ಕೆ ಊರಿ ಭಾರವಾಗಿ ಬಡೀತಿದ್ದರು. ಇವನು ಅದನ್ನ ತುದಿಗಾಲಿಗೆ ಎತ್ತಿದ, ಮೈ ನೆಟ್ಟಗೆ ಮಾಡಿದ, ಈ ತೂಗಾಟ ಕೊಟ್ಟ. ಅವನ ಹೊಸತನ ಅಂದರೆ ಮುಖ್ಯವಾಗಿ ಇದು.

ಹುಬ್ಬಳ್ಳಿ_ಹೈದ (ಭಾನುವಾರ, ಬೆಳಿಗ್ಗೆ 10:02)

ಮೃದಂಗಿ ಸರ, ನಿಮ್ಮ ಮಾತು ಕೇಳಿ ನಾ ನಿನ್ನಿ ಕಟ್ಟಿಗಿ ಹಲಗಿ ಹಾಸಿ ತಕಿಟ ತಕಿಟ ಮಾಡಾಕ ಹೋಗಿ, ಕೆಳಗಿನ ಮನಿ ಕಾಕಾ ಬಂದು ಬಾಗಿಲಾ ಬಡದ್ರು. ನನ್ನಕಿಂತ ಅವರ ಬಡದದ್ದ ಲಯದಾಗಿತ್ತು.

(ನಿನ್ನಿ ಅಲ್ಲ, ಈಗ ಅರ್ಧ ತಾಸಿನ ಹಿಂದ. ಸಂಕಟ ಇನ್ನೂ ಬಿಸಿ ಅದ.)

ರಿಚ್ಮಂಡ್_ರಾಯ (ಭಾನುವಾರ, ಸಂಜೆ 6:30)

ಈ ಎಳೆ ನನಗಾಗಿಯೇ ತೆರೆದ ಹಾಗಿದೆ. ಹನ್ನೊಂದು ವರ್ಷದಿಂದ ರಿಚ್ಮಂಡ್‌ನಲ್ಲೇ ಇದ್ದೀನಿ. ಜ್ಯಾಕ್ಸನ್ ವಾರ್ಡ್ ಅಂತ ಕಪ್ಪು ಜನರ ಹಳೇ ಬಡಾವಣೆ, ಒಂದು ಕಾಲಕ್ಕೆ ಅಲ್ಲಿ ಅವರದ್ದೇ ಬ್ಯಾಂಕು, ಅವರದ್ದೇ ಥಿಯೇಟರು. 1950ರ ದಶಕದಲ್ಲಿ ಹೆದ್ದಾರಿ ತಂದು ಬಡಾವಣೆಯ ನಡು ಸೀಳಿದರು. ಅಲ್ಲಿ ಆಡಮ್ಸ್ ಮತ್ತು ಲೀ ರಸ್ತೆ ಕೂಡೋ ಕಡೆ ರಾಬಿನ್‌ಸನ್ ಪ್ರತಿಮೆ ಇದೆ. ಅಲ್ಯೂಮಿನಿಯಂನದ್ದು, ಮೆಟ್ಟಿಲು ಇಳೀತಾ ಕುಣೀತಿರೋ ಭಂಗಿ. 1973ರಲ್ಲಿ ನಿಲ್ಲಿಸಿದ್ದು.

ಯಾಕೆ ಅದೇ ಮೂಲೆ ಗೊತ್ತಾ? 1933ರಲ್ಲಿ ಊರಿಗೆ ಬಂದಿದ್ದಾಗ, ಆ ಕೂಡುರಸ್ತೆ ದಾಟೋಕೆ ಹೋದ ಇಬ್ಬರು ಮಕ್ಕಳು ಕಾರಿಗೆ ಸಿಕ್ಕಿಬೀಳೋದು ಸ್ವಲ್ಪದರಲ್ಲಿ ತಪ್ಪಿದ್ದನ್ನ ನೋಡಿದನಂತೆ. ಸಿಗ್ನಲ್ ಇರಲಿಲ್ಲ. ಊರ ಆಡಳಿತಕ್ಕೆ ಕೈಯಿಂದ 1,240 ಡಾಲರ್ ಕೊಟ್ಟು ಟ್ರಾಫಿಕ್ ದೀಪ ಹಾಕಿಸಿದ. 1933 ಅಂದರೆ ಮಹಾ ಆರ್ಥಿಕ ಕುಸಿತದ ಕಾಲ, ಆ ದುಡ್ಡಿಗೆ ಎರಡು ಕಾರು ಬರ್ತಿತ್ತು. ಈಗಲೂ ಆ ಮೂಲೆಯಲ್ಲಿ ಸಿಗ್ನಲ್ ಇದೆ, ಹಳೆಯದಲ್ಲ. ಕೆಂಪು ದೀಪ ಬಿದ್ದರೆ ಬೇರೆ ಕಡೆ ಗೊಣಗುತ್ತೀನಿ, ಅಲ್ಲಿ ಗೊಣಗಲ್ಲ.

ಒಂದು ಅಡ್ಡ ಮಾತು. ಇದೇ ಊರಿನ ಮಾನ್ಯುಮೆಂಟ್ ಅವೆನ್ಯೂ ಅನ್ನೋ ಶ್ರೀಮಂತ ರಸ್ತೆಯಲ್ಲಿ ಗುಲಾಮಗಿರಿ ಉಳಿಸೋಕೆ ಯುದ್ಧ ಮಾಡಿದ ಸೇನಾಪತಿಗಳ ಕುದುರೆ ಸವಾರಿ ಪ್ರತಿಮೆ ಸಾಲಾಗಿ ಇದ್ದವು. 2021ರ ಸೆಪ್ಟೆಂಬರ್‌ನಲ್ಲಿ ಜನರಲ್ ಲೀ ಪ್ರತಿಮೆ ಕ್ರೇನ್‌ನಲ್ಲಿ ಇಳಿಸೋದನ್ನ ನಾನೂ ನಿಂತು ನೋಡಿದೆ. ಅಲ್ಲಿಂದ ಬರ್ತಾ ಬೇಕಂತಲೇ ಜ್ಯಾಕ್ಸನ್ ವಾರ್ಡ್ ಸುತ್ತಿ ಬಂದೆ. ಕುಣಿಯೋನು ತನ್ನ ಜಾಗದಲ್ಲೇ ಇದ್ದ.

ಸೌಪರ್ಣಿಕಾ (ಭಾನುವಾರ, ರಾತ್ರಿ 8:10)

ಎಲ್ಲರೂ ಹೊಗಳ್ತಿದ್ದೀರಿ, ನಾನು ಸ್ವಲ್ಪ ಹುಳಿ ಹಿಂಡ್ತೇನೆ.

ಕಲೆಯ ಬಗ್ಗೆ ತಕರಾರಿಲ್ಲ. ಆದರೆ ಆ ಪಾತ್ರಗಳು? ಲಿಟಲ್ ಕರ್ನಲ್‌ನಲ್ಲಿ ಬಟ್ಲರ್. ಅದೇ ವರ್ಷದ ಲಿಟ್ಲೆಸ್ಟ್ ರೆಬೆಲ್‌ನಲ್ಲಿ ದಕ್ಷಿಣದ ಜಮೀನ್ದಾರನ ಮನೆಗೆ ನಿಷ್ಠನಾದ ಗುಲಾಮ. ಬಿಳಿ ಹುಡುಗಿಯನ್ನು ನಗಿಸುವುದು, ತಲೆ ತಗ್ಗಿಸುವುದು, ಹಲ್ಲು ಕಿರಿಯುವುದು. ಆ ಕಾಲದಲ್ಲೇ ಅವನ ಜನರೇ ಕೆಲವರು ಅವನನ್ನು ಅಂಕಲ್ ಟಾಮ್ ಎಂದು ಹಂಗಿಸಿದ್ದರು. ಬಿಳಿಯರ ಮರ್ಜಿಗೆ ಬಗ್ಗಿದವನು ಎಂದು. ಕಾಲಿನಲ್ಲಿ ಇಷ್ಟು ಸ್ವಾಭಿಮಾನ ಇದ್ದವನ ಮುಖದಲ್ಲಿ ಅದು ಯಾಕಿಲ್ಲ? ನಾನೂ ರಂಗದ ಮೇಲೆ ನಿಂತವಳು. ಮುಖ ಒಂದು ಹೇಳಿ ಪಾದ ಇನ್ನೊಂದು ಹೇಳಿದರೆ ನಮ್ಮಲ್ಲಿ ಅದನ್ನು ದೋಷ ಅನ್ನುತ್ತೇವೆ.

ಹಳೇಪೇಪರ್ (ಭಾನುವಾರ, ರಾತ್ರಿ 8:55)

ತಂಗೀ, ಆಗಿನ ನಿಯಮ ಗೊತ್ತಿರಲಿ. ವಾಡ್‌ವಿಲ್ ಅಂತ ಆಗಿನ ಬಿಡಿ ಬಿಡಿ ಐಟಮ್ಮುಗಳ ರಂಗಪ್ರದರ್ಶನ. ಅಲ್ಲಿ "ಇಬ್ಬರು ಕಪ್ಪು" ನಿಯಮ ಅಂತಲೇ ಇತ್ತು: ಕಪ್ಪು ಕಲಾವಿದ ವೇದಿಕೆ ಮೇಲೆ ಒಬ್ಬನೇ ನಿಲ್ಲೋ ಹಾಗಿಲ್ಲ, ಜೋಡಿಯಾಗಿಯೇ ಬರಬೇಕು. ಅದಕ್ಕೇ 1902ರಿಂದ ಹತ್ತು ಹನ್ನೆರಡು ವರ್ಷ ಜಾರ್ಜ್ ಕೂಪರ್ ಜೊತೆ ದುಡಿದ. ಕಪ್ಪು ಜನರೇ ಮುಖಕ್ಕೆ ಮಸಿ ಬಳ್ಕೊಂಡು ಕಪ್ಪು ಜನರ ಅಣಕ ಮಾಡಬೇಕಾಗಿದ್ದ ಕಾಲ ಅದು, ಈ ಜೋಡಿ ಮಸಿ ಬಳಿಯಲಿಲ್ಲ. ಆಮೇಲೆ ಆ ನಿಯಮ ಮುರಿದು ಏಕಾಂಗಿಯಾಗಿ ನಿಂತ ಮೊದಲಿಗರಲ್ಲಿ ರಾಬಿನ್‌ಸನ್ ಒಬ್ಬ. ಇದು ಬಗ್ಗಿದವನ ಲಕ್ಷಣ ಅಲ್ಲ.

ಬಿಳಿ ಪ್ರೇಕ್ಷಕರು ಅವನನ್ನ ನಿಜವಾಗಿ "ಕಂಡುಹಿಡಿದದ್ದು" 1928ರಲ್ಲಿ, ನ್ಯೂಯಾರ್ಕಿನ ದೊಡ್ಡ ನಾಟಕಶಾಲೆಗಳ ಬೀದಿ ಬ್ರಾಡ್‌ವೇಯ ಬ್ಲ್ಯಾಕ್‌ಬರ್ಡ್ಸ್ ಪ್ರದರ್ಶನದಲ್ಲಿ. ಆಗ ಅವನಿಗೆ 50 ವರ್ಷ! ನಮ್ಮಲ್ಲಿ ಆ ವಯಸ್ಸಿಗೆ ಅಭಿನಂದನಾ ಗ್ರಂಥ ತರ್ತಾರೆ.

ಸೌಪರ್ಣಿಕಾ (ಭಾನುವಾರ, ರಾತ್ರಿ 9:20)

ನಿಯಮ ಮುರಿದದ್ದು ಒಪ್ಪಿದೆ, ಅಣ್ಣ. ಆದರೆ ವೇದಿಕೆ ಬೇರೆ, ಸಿನಿಮಾ ಬೇರೆ. ಸಿನಿಮಾ ಉಳಿಯುತ್ತದೆ. ಇವತ್ತು ತಾಳತಪ್ಪಿದವರು ನೋಡಿದ್ದೂ ಬಟ್ಲರ್‌ನನ್ನೇ, ಬ್ರಾಡ್‌ವೇ ನಾಯಕನನ್ನಲ್ಲ.

ಹಲಗೆಯವರ_ಮಗ (ಭಾನುವಾರ, ರಾತ್ರಿ 10:45)

ಓದ್ಕೊಂಡು ಸುಮ್ನೆ ಇರೋಣ ಅಂದ್ಕೊಂಡಿದ್ದೆ, ಮುಖದ ಮಾತು ಬಂತು ಅಂತ ಬರೀತಿದ್ದೀನಿ.

ನಮ್ಮಪ್ಪ ಹಲಗೆ ಬಾರಿಸ್ತಿದ್ದರು. ಊರ ಹಬ್ಬ, ಸಾವು, ಮೆರವಣಿಗೆ ಯಾವುದೇ ಇದ್ದರೂ ಹಲಗೆ ಬೇಕು. ಮಾರಮ್ಮನ ಹಬ್ಬದ ದಿನ ಬೆಳಗಿನ ಜಾವ ಒಣ ಹುಲ್ಲು ಉರಿಸಿ ಚರ್ಮ ಕಾಯಿಸೋರು. ಬೆರಳಿಂದ ಒಮ್ಮೆ ತಟ್ಟಿ ಕಿವಿ ಹತ್ತಿರ ಹಿಡಿದು ಕೇಳೋರು, ಸಾಲದು ಅನಿಸಿದರೆ ಮತ್ತೆ ಬೆಂಕಿಗೆ. ಬಾರಿಸೋಕೆ ನಿಂತರೆ ಗೌಡರ ಮನೆ ಹುಡುಗರೂ ಕಾಲು ತಡೀಲಾರದೆ ಕುಣಿಯೋರು. ಆಮೇಲೆ ಊಟ? ಹಿತ್ತಲ ಕಡೆ, ಎಲೆ ಮನೆಯಿಂದ ತಂದಿರಬೇಕು. ಹಲಗೆ ಸದ್ದು ಮನೆ ಒಳಗೆ ಹೋಗಬಹುದು, ಬಾರಿಸೋನು ಹೋಗೋ ಹಾಗಿಲ್ಲ.

ಅಪ್ಪ ಬಾರಿಸುವಾಗ ಯಾವಾಗಲೂ ನಗ್ತಿದ್ದರು. ಚಿಕ್ಕವನಿದ್ದಾಗ ನನಗೆ ಆ ನಗು ಕಂಡರೆ ಆಗ್ತಿರಲಿಲ್ಲ, ಮೈ ಉರೀತಿತ್ತು. ಒಂದಿನ ಕೇಳೇಬಿಟ್ಟೆ, ಅವರ ಮುಂದೆ ಯಾಕೆ ಹಲ್ಲು ಬಿಡ್ತೀಯ ಅಂತ. "ನಗದೆ ಇದ್ರೆ ದುಡ್ಡು ಹಾಕ್ತಾರೇನೋ? ಕೈ ನೋಡು, ಕೈ. ಕೈ ಯಾರಿಗಾದ್ರೂ ನಗ್ತೈತಾ?" ಅಂದರು.

ಮೇಡಂ, ನಿಮ್ಮ ಶಾಸ್ತ್ರದಲ್ಲಿ ಮುಖ ಪಾದ ಒಂದೇ ಹೇಳಬೇಕು ಅಂತ ಇರಬಹುದು. ಆ ಶಾಸ್ತ್ರ ಬರೆದೋರು ಹಿತ್ತಲಲ್ಲಿ ಊಟ ಮಾಡಿದೋರಲ್ಲ.

ಸೌಪರ್ಣಿಕಾ (ಭಾನುವಾರ, ರಾತ್ರಿ 11:30)

ಹಲಗೆಯವರ ಮಗ ಅವರೇ, ಎರಡು ಸಲ ಓದಿದೆ. ಉತ್ತರ ಬರೆದು ಅಳಿಸಿದೆ. "ಕೈ ಯಾರಿಗಾದ್ರೂ ನಗ್ತೈತಾ" ಎಂಬುದನ್ನು ಇಟ್ಟುಕೊಂಡು ಆ ದೃಶ್ಯ ಮತ್ತೊಮ್ಮೆ ನೋಡಿದೆ, ಮುಖವನ್ನು ಕೈಯಿಂದ ಮರೆಮಾಡಿ, ಬರೀ ಕಾಲು. ಬಟ್ಲರ್ ಇಲ್ಲವೇ ಇಲ್ಲ ಅಲ್ಲಿ.

ಪಾತ್ರಗಳ ಮೇಲಿನ ನನ್ನ ಸಿಟ್ಟು ಹೋಗಿಲ್ಲ, ಆದರೆ ಅದು ಬರೆದವರ ಮೇಲೆ ಹೋಗಬೇಕಿತ್ತು. ಅವನ ಮೇಲೆ ಹಾಕಿದ್ದು ನನ್ನ ತಪ್ಪು.

ರಿಚ್ಮಂಡ್_ರಾಯ (ಸೋಮವಾರ, ಬೆಳಿಗ್ಗೆ 5:50)

ಹಲಗೆ ಮಾತು ಬಂತಲ್ಲ, ಅದಕ್ಕೊಂದು ಕೊಂಡಿ ಇದೆ. 1739ರಲ್ಲಿ ಸೌತ್ ಕೆರೊಲಿನಾದ ಸ್ಟೋನೊ ಅನ್ನೋ ನದಿ ಹತ್ತಿರ ಗುಲಾಮರು ದಂಗೆ ಎದ್ದರು, ಡ್ರಮ್ ಬಾರಿಸ್ತಾ ಜನ ಸೇರಿಸಿದರು. ಮರುವರ್ಷವೇ ಕಾನೂನು ಬಂತು: ಗುಲಾಮರು ಡ್ರಮ್, ಕೊಂಬು ಏನನ್ನೂ ಬಾರಿಸಬಾರದು, ಇಟ್ಕೋಬಾರದು. ವಾದ್ಯ ಕಿತ್ಕೊಂಡರೆ ಲಯ ಎಲ್ಲಿಗೆ ಹೋಗಬೇಕು? ಅಂಗೈಗೆ, ತೊಡೆಗೆ, ಕಾಲಿಗೆ. ಟ್ಯಾಪ್‌ನ ಒಂದು ಬೇರು ಇದು ಅಂತ ಬಲ್ಲವರು ಹೇಳ್ತಾರೆ. ಇನ್ನೊಂದು ಬೇರು ಐರಿಷ್ ಜಿಗ್, ಇಂಗ್ಲೆಂಡಿನ ಮರದ ಶೂ ಕುಣಿತ. ನ್ಯೂಯಾರ್ಕಿನ ಫೈವ್ ಪಾಯಿಂಟ್ಸ್ ಅನ್ನೋ ಬಡವರ ಕೇರಿಯಲ್ಲಿ ಐರಿಷ್‌ನವರೂ ಕಪ್ಪು ಜನರೂ ಒತ್ತೊತ್ತಾಗಿ ಬದುಕ್ತಿದ್ದರು, ಪಂದ್ಯ ಕಟ್ಟಿ ಕುಣೀತಿದ್ದರು. ಅಲ್ಲಿಂದಲೇ ಬಂದವನು ವಿಲಿಯಂ ಹೆನ್ರಿ ಲೇನ್, ರಂಗದ ಹೆಸರು ಮಾಸ್ಟರ್ ಜುಬಾ. 1842ರಲ್ಲಿ ಚಾರ್ಲ್ಸ್ ಡಿಕನ್ಸ್ ಆ ಕೇರಿಗೆ ಹೋಗಿ ಒಬ್ಬ ಹುಡುಗನ ಕುಣಿತ ನೋಡಿ ಬೆರಗಾಗಿ ಬರೆದಿದ್ದಾನೆ. ಹೆಸರು ಬರೆದಿಲ್ಲ, ಅದು ಜುಬಾನೇ ಅಂತ ಸಾಮಾನ್ಯವಾಗಿ ನಂಬಿಕೆ. 1848ರಲ್ಲಿ ಲಂಡನ್ನಿಗೂ ಹೋಗಿ ಹೆಸರು ಮಾಡಿದ, ತೀರಾ ಚಿಕ್ಕ ವಯಸ್ಸಿಗೆ ಸತ್ತ.

ಹಾಗಾಗಿ "ಮೊದಲಿಗ" ಅನ್ನೋ ಪಟ್ಟ ರಾಬಿನ್‌ಸನ್‌ಗೆ ಕಟ್ಟೋಕೆ ನನಗೆ ಮನಸ್ಸಿಲ್ಲ.

ಮೃದಂಗಿ (ಸೋಮವಾರ, ಬೆಳಿಗ್ಗೆ 8:20)

ನನಗೂ ಇಲ್ಲ, ಬೇರೆ ಕಾರಣಕ್ಕೆ. ಇನ್ನೊಬ್ಬ ಟ್ಯಾಪ್ ಕಲಾವಿದ ಜಾನ್ ಬಬಲ್ಸ್ ಹೆಸರು ಯಾರೂ ಎತ್ತಲಿಲ್ಲ. ರಾಬಿನ್‌ಸನ್ ತುದಿಗಾಲಿಗೆ ಎತ್ತಿದ್ದನ್ನ ಬಬಲ್ಸ್ ಮತ್ತೆ ಹಿಮ್ಮಡಿಗೆ ಇಳಿಸಿದ, ಆದರೆ ಹಳೇ ತರ ಅಲ್ಲ. ಹಿಮ್ಮಡಿಯನ್ನ ಎಡಗೈ ಮಾಡಿಕೊಂಡ! ಮೃದಂಗದ ಎಡಮುಖ, ತೊಪ್ಪಿ ಅನ್ನಿ. ತುದಿಗಾಲು ಬಲಮುಖ, ವಲಂತಲೆ. ವೇಗ ಅರ್ಧಕ್ಕೆ ಇಳಿಸಿ, ಉಳಿದ ಜಾಗದಲ್ಲಿ ಎರಡರಷ್ಟು ನುಡಿ ತುಂಬಿದ. ರಿದಮ್ ಟ್ಯಾಪ್ ಅನ್ನೋದು ಇಲ್ಲಿಂದ. 1935ರಲ್ಲಿ ಪೋರ್ಗಿ ಆ್ಯಂಡ್ ಬೆಸ್ ಆಪೆರಾದಲ್ಲಿ ಸ್ಪೋರ್ಟಿನ್ ಲೈಫ್ ಪಾತ್ರ ಮಾಡಿದವನು ಇದೇ ಬಬಲ್ಸ್.

ತಮಾಷೆ ಏನಂದರೆ 1936ರ ಸ್ವಿಂಗ್ ಟೈಮ್ ಸಿನಿಮಾದಲ್ಲಿ ಬಿಳಿ ನಟ ಫ್ರೆಡ್ ಆಸ್ಟೇರ್ "ಬೋಜ್ಯಾಂಗಲ್ಸ್ ಆಫ್ ಹಾರ್ಲೆಮ್" ಅಂತ ಗೌರವದ ಕುಣಿತ ಮಾಡ್ತಾನೆ. ಮುಖಕ್ಕೆ ಮಸಿ ಬಳ್ಕೊಂಡು! ಅದೂ ಹೆಜ್ಜೆಗಾರಿಕೆ ನೋಡಿದರೆ ಬೋಜ್ಯಾಂಗಲ್ಸ್‌ಗಿಂತ ಬಬಲ್ಸ್‌ಗೆ ಹತ್ತಿರ. ಹೆಸರು ಒಬ್ಬನದು, ಹೆಜ್ಜೆ ಇನ್ನೊಬ್ಬನದು, ಮುಖ ಯಾರದ್ದೂ ಅಲ್ಲ.

ಜರ್ಸಿ_ಅಮ್ಮ (ಸೋಮವಾರ, ರಾತ್ರಿ 9:00)

ನಿಮ್ಮ ಗಂಡಸರ ಪಟ್ಟಿಗೆ ಒಬ್ಬ ಹೆಂಗಸನ್ನ ಸೇರಿಸಿ ಹೋಗೋಣ ಅಂತ ಬಂದೆ. ಜೆನಿ ಲೆಗಾನ್. 1935ರಲ್ಲಿ ಹೂರೇ ಫಾರ್ ಲವ್ ಸಿನಿಮಾದಲ್ಲಿ ರಾಬಿನ್‌ಸನ್ ಜೊತೆ ಕುಣಿದವಳು, ಆಗಿನ್ನೂ 18-19ರ ಹುಡುಗಿ. ಪ್ಯಾಂಟ್ ಹಾಕ್ಕೊಂಡು, ಗಂಡಸರ ಹಾರು-ಬೀಳು ಹೆಜ್ಜೆಗಳನ್ನೇ ಹಾಕ್ತಿದ್ದಳು. ದೊಡ್ಡ ಸ್ಟುಡಿಯೋ ಒಂದು ದೀರ್ಘ ಕರಾರು ಮಾಡ್ಕೊಂಡು ಅಷ್ಟೇ ಬೇಗ ಕೈಬಿಟ್ಟಿತು. ಆಮೇಲೆ ಸಿಕ್ಕಿದ್ದು ಬರೀ ಮನೆಗೆಲಸದವಳ ಪಾತ್ರ. ಕೊನೆಗೆ ಕೆನಡಾದ ವ್ಯಾಂಕೂವರಿಗೆ ಹೋಗಿ ಪಾಠ ಹೇಳಿಕೊಂಡು ಬದುಕಿದಳು, 2012ರಲ್ಲಿ ತೀರಿಕೊಂಡಳು. ಬಟ್ಲರ್ ಪಾತ್ರವನ್ನಾದರೂ ಕುಣಿಸಿದರು, ಕೆಲಸದವಳ ಪಾತ್ರಕ್ಕೆ ಕುಣಿತವೂ ಇರಲಿಲ್ಲ.

ನನ್ನ ಮಗಳು ಇಲ್ಲಿ ಶನಿವಾರ ಭರತನಾಟ್ಯ, ಬುಧವಾರ ಟ್ಯಾಪ್ ಕಲೀತಾಳೆ. ಟ್ಯಾಪ್ ಶೂನ ಅಟ್ಟೆಯಲ್ಲಿ ಪುಟ್ಟ ಸ್ಕ್ರೂ ಇರ್ತವೆ, ಸ್ವಲ್ಪ ಸಡಿಲ ಮಾಡಿದರೆ ಒಂದು ಸದ್ದು, ಬಿಗಿ ಮಾಡಿದರೆ ಇನ್ನೊಂದು. ಕ್ಲಾಸಿಗೆ ಹೊರಡೋ ಮುಂಚೆ ನಮ್ಮ ಮನೆಯವರು ಸ್ಕ್ರೂಡ್ರೈವರ್ ಹಿಡ್ಕೊಂಡು ಕೂತಿರ್ತಾರೆ, ಇವಳು "ಅಪ್ಪಾ, ಇನ್ನೊಂದು ಚೂರು" ಅಂತ ನೆಲಕ್ಕೆ ತಟ್ಟಿ ತಟ್ಟಿ ನೋಡ್ತಾಳೆ. ತಂಬೂರಿ ಶ್ರುತಿ ಮಾಡೋ ಹಾಗೆ. ಮೃದಂಗಿಯವರು ಮರದ ಅಟ್ಟೆ ಸಡಿಲ ಬಿಡೋ ವಿಷಯ ಬರೆದಾಗ ಇದೇ ನೆನಪಾಯಿತು.

ಹುಬ್ಬಳ್ಳಿ_ಹೈದ (ಸೋಮವಾರ, ರಾತ್ರಿ 9:48)

ಪಟ್ಟಿಗೆ ನಂದೂ ಒಂದು ಹೆಸರು. ಪೆಗ್ ಲೆಗ್ ಬೇಟ್ಸ್. ನಮ್ಮ ಕಡಿ ಹತ್ತಿ ಜಿನ್ನಿಂಗ್ ಮಿಲ್ ನೋಡಿದವ್ರಿಗೆ ಇದು ಎದಿಗೆ ನಾಟತದ. ಸೌತ್ ಕೆರೊಲಿನಾದ ಹುಡುಗ, ಹನ್ನೆರಡನೇ ವರ್ಷಕ್ಕ ಹತ್ತಿ ಮಿಲ್ಲಿನ್ಯಾಗ ದುಡಿಯೂ ಮುಂದ ಕಾಲು ಯಂತ್ರಕ್ಕ ಸಿಕ್ತು. ಕಡದು ತಗದ್ರು. ಮಾಮಾ ಒಂದು ಕಟ್ಟಿಗಿ ಕಾಲು ಕೆತ್ತಿ ಕೊಟ್ಟ. ಆ ಕಟ್ಟಿಗಿ ಕಾಲಿನ ಮ್ಯಾಲ ಟ್ಯಾಪ್ ಮಾಡಿ, ಎಡ್ ಸಲಿವನ್‌ನ ಟೀವಿ ಕಾರ್ಯಕ್ರಮದಾಗ ಇಪ್ಪತ್ತಕಿಂತ ಹೆಚ್ಚು ಸಲ ಬಂದಾನ. ಒಂದು ಕಾಲಿನ ಸದ್ದು ಬ್ಯಾರೆ, ಇನ್ನೊಂದರ ಸದ್ದು ಬ್ಯಾರೆ. ತಬಲಾ ಡಗ್ಗಾ ಇದ್ಧಂಗ.

ತಾಳತಪ್ಪಿದವ (ಸೋಮವಾರ, ರಾತ್ರಿ 10:30)

ಎಳೆ ತೆರೆದವನೇ ಮೂಕನಾಗಿ ಕೂತು ಓದ್ತಿದ್ದೀನಿ. ಎರಡು ಪ್ರಶ್ನೆ. ಮೆಟ್ಟಿಲ ಕುಣಿತ ಸಿನಿಮಾಗೆ ಅಂತ ಮಾಡಿದ್ದಾ, ಮೊದಲೇ ಇತ್ತಾ? ಮತ್ತೆ ಅವನ ಕೊನೆ ಹೇಗಾಯ್ತು?

ಹಳೇಪೇಪರ್ (ಸೋಮವಾರ, ರಾತ್ರಿ 11:15)

ಮೆಟ್ಟಿಲು ಸಿನಿಮಾಗಿಂತ ಬಹಳ ಹಿಂದಿನದು. 1918ರ ಆಸುಪಾಸಿನಿಂದಲೇ ವೇದಿಕೆ ಮೇಲೆ ಮಾಡ್ತಿದ್ದ. ಐದು ಮೆಟ್ಟಿಲು ಹತ್ತೋಕೆ, ಐದು ಇಳಿಯೋಕೆ, ಹೊತ್ತೊಯ್ಯಬಹುದಾದ ಪುಟ್ಟ ಮರದ ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಬೇರೆ ಸ್ವರ, ಪ್ರತಿ ಮೆಟ್ಟಿಲಿಗೂ ಬೇರೆ ಹೆಜ್ಜೆ. ಲಿಟಲ್ ಕರ್ನಲ್‌ನಲ್ಲಿ ಹುಡುಗಿಗಾಗಿ ಸರಳ ಮಾಡಿದ್ದಾನೆ. ಅಸಲಿ ನೋಡಬೇಕಾದರೆ 1932ರ ಹಾರ್ಲೆಮ್ ಈಸ್ ಹೆವನ್ ಹುಡುಕಿ. ಅಲ್ಲಿ ಬಟ್ಲರೂ ಇಲ್ಲ, ಮಗುವೂ ಇಲ್ಲ. ಅವನು, ಮೆಟ್ಟಿಲು.

ಹುಡುಗಿಯ ಕೈ ಹಿಡಿದದ್ದರ ಬಗ್ಗೆ ಒಂದು ಮಾತು. ಕಪ್ಪು ಗಂಡಸು, ಬಿಳಿ ಹೆಣ್ಣು, ಅದು ಆರು ವರ್ಷದ್ದೇ ಇರಲಿ, ಕೈ ಕೈ ಹಿಡಿದು ಕುಣಿದದ್ದು ಹಾಲಿವುಡ್ಡಿನಲ್ಲಿ ಮೊದಲು ಅಂತಾರೆ. ದಕ್ಷಿಣದ ರಾಜ್ಯಗಳಲ್ಲಿ ಆ ತುಂಡನ್ನ ಕತ್ತರಿಸಿ ತೋರಿಸಿದರು. ಶರ್ಲಿ ಟೆಂಪಲ್ ದೊಡ್ಡವಳಾದ ಮೇಲೆ ಬರೆದ ಆತ್ಮಕಥೆಯಲ್ಲಿ ಮೊದಲ ಭೇಟಿ ನೆನೆಸಿಕೊಂಡಿದ್ದಾಳೆ: ಅವನು ಮುಂದೆ ನಡೀತಿದ್ದಾನೆ, ಇವಳು ಕೈ ಹಿಡಿಯೋಕೆ ಮೇಲಕ್ಕೆ ಚಾಚ್ತಾ ಓಡ್ತಿದ್ದಾಳೆ, ಅವನಿಗೆ ಗೊತ್ತೇ ಆಗಿಲ್ಲ. ಹೆಂಡತಿ ಫ್ಯಾನಿ ತೋರಿಸಿದ ಮೇಲೆ ನಿಂತು ಬಗ್ಗಿ ಕೈ ಕೊಟ್ಟನಂತೆ. ದೊಡ್ಡ ಕೈ, ತಣ್ಣಗಿತ್ತು ಅಂತ ಬರೆದಿದ್ದಾಳೆ.

ಕೊನೆ? ದುಡಿದದ್ದು ಲಕ್ಷಾಂತರ ಡಾಲರ್. ಜೂಜು ಒಂದು ಕಡೆ ತಿಂತು, ಧಾರಾಳ ಕೈ ಇನ್ನೊಂದು ಕಡೆ. ಕೇಳಿದವರಿಗೆಲ್ಲ ಕೊಟ್ಟ, ದತ್ತಿ ಪ್ರದರ್ಶನ ಲೆಕ್ಕವಿಲ್ಲದಷ್ಟು. ಸಂತ ಅಂತ ತಿಳೀಬೇಡಿ, ಮುಂಗೋಪಿ, ಜೇಬಲ್ಲಿ ಪಿಸ್ತೂಲು ಬೇರೆ. ಹಿಂದಕ್ಕೆ ಓಡೋ ಪಂದ್ಯ ಕಟ್ಟೋನು, 100 ಗಜವನ್ನ 13.5 ಸೆಕೆಂಡಿನಲ್ಲಿ ಹಿಮ್ಮುಖವಾಗಿ ಓಡಿದ ದಾಖಲೆ ಅವನ ಹೆಸರಲ್ಲಿತ್ತು. ನಾನು ಮುಂದಕ್ಕೆ ಓಡಿದರೂ ಅದರ ಮೂರರಷ್ಟು ಬೇಕು. 1943ರ ಸ್ಟಾರ್ಮಿ ವೆದರ್‌ನಲ್ಲಿ ಕೊನೆಗೂ ನಾಯಕ ಆದ, ಕಥೆಯೂ ಸ್ವಲ್ಪ ಅವನದ್ದೇ. ಆಗ 65. ದುರದೃಷ್ಟ ಏನಂದರೆ ಅದೇ ಸಿನಿಮಾದಲ್ಲಿ ನಿಕೊಲಸ್ ಸಹೋದರರು ಮೆಟ್ಟಿಲ ಮೇಲಿಂದ ಒಬ್ಬರ ತಲೆ ಮೇಲೊಬ್ಬರು ಹಾರಿ ಕಾಲು ಚಾಚಿ ಬೀಳೋ ಕುಣಿತ ಇದೆ. ಜನ ಇವತ್ತು ಅದನ್ನ ನೋಡೋಕೆ ಆ ಸಿನಿಮಾ ಹಾಕ್ತಾರೆ.

1949ರ ನವೆಂಬರ್ 25, ನ್ಯೂಯಾರ್ಕಿನಲ್ಲಿ ಸತ್ತ, 71 ವರ್ಷ. ಕೈಯಲ್ಲಿ ಕಾಸಿರಲಿಲ್ಲ. ಅಂತ್ಯಕ್ರಿಯೆಯ ಹೊಣೆ ಹೊತ್ತವನು ಎಡ್ ಸಲಿವನ್. ಅಲ್ಲಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನಲ್ಲಿ ಶಾಲೆಗಳಿಗೆ ಅರ್ಧ ದಿನ ರಜೆ, ಸಾವಿರಾರು ಜನ ರಸ್ತೆಯ ಎರಡೂ ಕಡೆ. ಮುಂದಿನ ತಿಂಗಳೇ ಅವನ ಗೆಳೆಯರು ಕೋಪಸೆಟಿಕ್ಸ್ ಅಂತ ಒಂದು ಸಂಘ ಕಟ್ಟಿದರು. "ಎಲ್ಲಾ ಕೋಪಸೆಟಿಕ್" ಅನ್ನೋದು ಅವನ ಬಾಯಿಮಾತು, ಎಲ್ಲಾ ಸೊಗಸು ಅಂತ. 1989ರಲ್ಲಿ ಅಮೆರಿಕದ ಸಂಸತ್ತು ಅವನ ಹುಟ್ಟಿದ ದಿನ ಮೇ 25ನ್ನ ಟ್ಯಾಪ್ ನೃತ್ಯ ದಿನ ಅಂತ ಘೋಷಿಸಿತು.

ಸೌಪರ್ಣಿಕಾ (ಮಂಗಳವಾರ, ಬೆಳಿಗ್ಗೆ 6:40)

ಕಥಕ್‌ನ ಪಂಡಿತ್ ಚಿತ್ರೇಶ್ ದಾಸ್ ಮತ್ತು ಟ್ಯಾಪ್‌ನ ಜೇಸನ್ ಸ್ಯಾಮುಯೆಲ್ಸ್ ಸ್ಮಿತ್ ಸೇರಿ ಇಂಡಿಯಾ ಜಾಝ್ ಸೂಟ್ಸ್ ಎಂದು ಮಾಡುತ್ತಿದ್ದರು. ಒಬ್ಬರದು ಬರಿಗಾಲು ಗೆಜ್ಜೆ, ಇನ್ನೊಬ್ಬರದು ಲೋಹದ ಅಟ್ಟೆ. ಸವಾಲ್ ಜವಾಬ್ ಶುರುವಾದರೆ ಯಾರೂ ಯಾರಿಗೂ ಬಿಡುವುದಿಲ್ಲ. ತಾಳತಪ್ಪಿದವರೇ, ಅದನ್ನೂ ಅಮ್ಮನಿಗೆ ಕೇಳಿಸಿ.

ಹಲಗೆಯವರ_ಮಗ (ಮಂಗಳವಾರ, ಮಧ್ಯಾಹ್ನ 1:10)

ಹಾರ್ಲೆಮ್ ಈಸ್ ಹೆವನ್ ತುಣುಕು ಸಿಕ್ಕಿತು, ಅಪ್ಪನಿಗೆ ತೋರಿಸಿದೆ. ಎಂಬತ್ತು ದಾಟಿದೆ, ಈಗ ಬಾರಿಸಲ್ಲ. ಪೂರ್ತಿ ನೋಡಿ "ಇವ್ನ ಮೆಟ್ಲು ಚೆನ್ನಾಗಿ ಕಾಯ್ಸವ್ನೆ" ಅಂದರು. ಮರ ಅಪ್ಪಾ ಅದು, ಚರ್ಮ ಅಲ್ಲ ಅಂದೆ. ಗೊತ್ತು ಬಿಡು ಅಂದರು.

ತಾಳತಪ್ಪಿದವ (ಮಂಗಳವಾರ, ರಾತ್ರಿ 10:05)

ಇವತ್ತು ಅಮ್ಮನ ಪಕ್ಕ ಕೂತು ಅದೇ ತುಣುಕು ಹಾಕಿದೆ. ಫೋನ್ ಅವರ ಕೈಗೆ ಕೊಡಲಿಲ್ಲ, ಬರೀ ಸದ್ದು. ಏನು, ಎಲ್ಲಿಯದು, ಮೆಟ್ಟಿಲು ಅಂತ ಏನೂ ಹೇಳಲಿಲ್ಲ. ಬಲಗೈ ತೊಡೆ ಮೇಲೆ ಬಂತು, ಬೆರಳು ಎಣಿಸೋಕೆ ಶುರು ಮಾಡಿದವು. ಅರ್ಧಕ್ಕೆ ನಿಂತವು.

"ನೆಲ ಒಂದೇ ಅಲ್ಲ," ಅಂದರು. "ಜಾಗ ಬದಲಾಯಿಸ್ತಾ ಇದಾನೆ. ಒಂದೊಂದು ಕಡೆ ಒಂದೊಂದು ನಾದ."

ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವನ ಗುರು ಯಾರು?" ಅಂತ ಕೇಳಿದರು.

ಯಾರೂ ಇಲ್ಲಮ್ಮ, ಬೀದಿಯಲ್ಲಿ ಚಿಲ್ಲರೆಗೆ ಕುಣಿದು ಕಲಿತದ್ದು ಅಂದೆ.

"ಬೀದೀಲಿ ಯಾರೂ ಇರ್ಲಿಲ್ವಾ?" ಅಂದರು. ಆಮೇಲೆ, "ಇನ್ನೊಂದು ಸಲ ಹಾಕು."